ಶಕುಂತಲಾ ದೇವಿ ಬಿಡಿಸಿದ 201 ಅಂಕಿಗಳ ಸಂಖ್ಯೆ

ಒಂದು ಸಂಖ್ಯೆ ಇದೆ. 9167486769 ಎಂದು ಶುರುವಾಗುತ್ತದೆ, 06771 ಎಂದು ಮುಗಿಯುತ್ತದೆ. ಒಟ್ಟು 201 ಅಂಕಿಗಳು. ನಮ್ಮ ಲೆಕ್ಕದಲ್ಲಿ ಓದಬೇಕೆಂದರೆ 91,674 ಎಂದು ಹೇಳಿ, ಆಮೇಲೆ ‘ಕೋಟಿ’ ಎಂದು 28 ಸಲ ಹೇಳಬೇಕು. ಅಷ್ಟು ಹೇಳಿದರೂ ಬಂದದ್ದು ಮೊದಲ ಐದು ಅಂಕಿ ಮಾತ್ರ. ರಾಷ್ಟ್ರಕೂಟರ ಕಾಲದಲ್ಲಿ ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಈ ಸಂಖ್ಯೆಯ ಮುಂದೆ ಆ ಹೆಸರುಗಳೂ ಬಹಳ ಬೇಗ ಮುಗಿದುಹೋಗುತ್ತವೆ.

1977ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಈ ಸಂಖ್ಯೆಯನ್ನು ಶಕುಂತಲಾ ದೇವಿಯವರ ಮುಂದೆ ಇಟ್ಟರು. ಇದರ 23ನೇ ಮೂಲ ಹೇಳಿ ಎಂದರು. ಅಂದರೆ, ಯಾವ ಸಂಖ್ಯೆಯನ್ನು 23 ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಇದು ಬರುತ್ತದೆ? ಅವರು 50 ಸೆಕೆಂಡಿನಲ್ಲಿ ಉತ್ತರ ಕೊಟ್ಟರು: 54,63,72,891. ಅದನ್ನು ಯೂನಿವ್ಯಾಕ್ ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ಅದಕ್ಕೆಂದೇ ಬೇರೆ ಪ್ರೋಗ್ರಾಂ ಬರೆಯಬೇಕಾಯಿತು. ಉತ್ತರ ಸರಿಯಾಗಿತ್ತು.

ಈ ಕಥೆ ನಮ್ಮ ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಲ್ಲ ಹುಡುಗರಿಗೂ ಗೊತ್ತು. ‘ಮಾನವ ಕಂಪ್ಯೂಟರ್ ಎಂದು ಹೆಸರಾದವರು ಯಾರು?’ ಎಂದು ಕೇಳಿದರೆ ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಬರುತ್ತದೆ. ಹುಟ್ಟಿದ ಊರು ಬೆಂಗಳೂರು, ವರ್ಷ 1929, ತಂದೆ ಸರ್ಕಸ್ಸಿನಲ್ಲಿದ್ದವರು, ತೀರಿಕೊಂಡದ್ದು 2013ರಲ್ಲಿ. ಎಲ್ಲ ಬಾಯಿಪಾಠ. ಆದರೆ ಆ ಸಂಖ್ಯೆ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲಿ. ಅವರನ್ನು ಪವಾಡ ಎಂದು ಕರೆದು ಕೈಮುಗಿದುಬಿಟ್ಟಿದ್ದೇವೆ. ಅವರು 50 ಸೆಕೆಂಡು ಯಾವುದನ್ನು ನೋಡುತ್ತಾ ನಿಂತಿದ್ದರೋ ಅದನ್ನು ನಾವೂ ಒಮ್ಮೆ ನೋಡಬೇಕು ಅಲ್ವಾ?

ನಾನು ಎಸ್.ಎಸ್. ಪುರಂನಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ, ಪರೀಕ್ಷೆಯ ಗದ್ದಲ ಇಲ್ಲದ ಒಂದು ಸಂಜೆ, ಈ ಸಂಖ್ಯೆಯನ್ನು ಬೋರ್ಡಿನ ತುಂಬಾ ಬರೆದೆ. ‘ಇದರ ಬಗ್ಗೆ ಏನಾದರೂ ಹೇಳಿ’ ಎಂದೆ. ಮಕ್ಕಳು ಸುಮ್ನೆ ನೋಡುತ್ತಾ ಕೂತರು. ಒಬ್ಬ ಹುಡುಗ ಅಂಕಿಗಳನ್ನು ಎಣಿಸತೊಡಗಿದ. ಅವನಿಗೇ ಗೊತ್ತಿಲ್ಲದೆ ಸರಿಯಾದ ಜಾಗದಲ್ಲಿ ಶುರು ಮಾಡಿದ್ದ.

ಎಷ್ಟು ಅಂಕಿ ಇದೆ ಎಂಬುದೇ ದೊಡ್ಡ ಸುಳಿವು. 201 ಅಂಕಿಗಳ ಅತಿ ಚಿಕ್ಕ ಸಂಖ್ಯೆ ಎಂದರೆ 1ರ ಮುಂದೆ 200 ಸೊನ್ನೆ. ಅದರ 23ನೇ ಮೂಲ ಸುಮಾರು 49.62 ಕೋಟಿ. 201 ಅಂಕಿಗಳ ಅತಿ ದೊಡ್ಡ ಸಂಖ್ಯೆಯ 23ನೇ ಮೂಲ ಸುಮಾರು 54.84 ಕೋಟಿ. ಅಂದರೆ ಒಂದು ಅಂಕಿಯನ್ನೂ ಓದದೆ, ಬರೀ ಉದ್ದ ನೋಡಿ, ಉತ್ತರ ಈ ಎರಡರ ನಡುವೆ ಇದೆ ಎಂದು ಹೇಳಬಹುದು. ಅದಕ್ಕೆ ಒಂಬತ್ತು ಅಂಕಿಗಳಿವೆ, ಮೊದಲನೆಯದು 4 ಇಲ್ಲವೇ 5.

ಇನ್ನೂ ಒಂದು ಮಾತು. 201 ಅಂಕಿಗಳ ಸಂಖ್ಯೆಗಳು ಎಷ್ಟಿವೆ? 9ರ ಮುಂದೆ 200 ಸೊನ್ನೆ ಇಟ್ಟಷ್ಟು. ಅವುಗಳಲ್ಲಿ ಯಾವುದಾದರೂ ಪೂರ್ಣಸಂಖ್ಯೆಯ 23ನೇ ಘಾತ (ಅಂದರೆ ಅದನ್ನು 23 ಸಲ ಬರೆದು ಗುಣಿಸಿದರೆ ಬರುವುದು) ಆಗಿರುವವು ಎಷ್ಟು? ಸುಮಾರು 5 ಕೋಟಿ 22 ಲಕ್ಷ ಮಾತ್ರ. ನಮ್ಮ ಸಂಖ್ಯೆ ಆ ಚಿಕ್ಕ ಗುಂಪಿಗೆ ಸೇರಿದ್ದು. ನೋಡಲು ಭಾರಿ ಗಾತ್ರದ್ದು, ಆದರೆ ಒಳಗೆ ಇರುವ ಹೊಸ ಮಾಹಿತಿ ಒಂಬತ್ತೇ ಅಂಕಿಗಳದ್ದು. 54,63,72,891 ಎಂದು ಹೇಳಿದ ಕೂಡಲೇ 201 ಅಂಕಿಗಳೂ ನಿರ್ಧಾರವಾಗಿ ಹೋದವು. ಯಾವುದೂ ತನ್ನಿಷ್ಟಕ್ಕೆ ಬದಲಾಗುವ ಹಾಗಿಲ್ಲ.

ಇದನ್ನು ತಿರುಗಿಸಿ ಕೇಳಿ ನೋಡಿ. ಸಂಖ್ಯೆಯ ಎಷ್ಟು ಭಾಗ ಕಂಡರೆ ಪೂರ್ತಿ ಸಂಖ್ಯೆ ಗೊತ್ತಾಗುತ್ತದೆ? 54,63,72,891ಕ್ಕೆ ಒಂದು ಕೂಡಿಸಿ 23ನೇ ಘಾತ ತೆಗೆದರೆ, ಬರುವ ಸಂಖ್ಯೆಗೂ ನಮ್ಮ ಸಂಖ್ಯೆಗೂ ಇರುವ ವ್ಯತ್ಯಾಸವೇ 194 ಅಂಕಿಗಳದ್ದು. ಅಕ್ಕಪಕ್ಕದ ಎರಡು 23ನೇ ಘಾತಗಳ ನಡುವೆ ಅಷ್ಟು ದೊಡ್ಡ ಖಾಲಿ ಜಾಗ. ಹಾಗಾಗಿ ಅವು ಎಂಟನೇ ಅಂಕಿಯ ಹೊತ್ತಿಗೆ ಬೇರೆಯಾಗಿಬಿಡುತ್ತವೆ. ಇದು 201 ಅಂಕಿಗಳ 23ನೇ ಘಾತ ಎಂದು ಗೊತ್ತಿದ್ದರೆ, 91674867 ಎಂಬ ಮೊದಲ ಎಂಟು ಅಂಕಿ ಸಾಕು. ಉಳಿದ 193 ಅಂಕಿಗಳಲ್ಲಿ ಒಂದಕ್ಕೂ ಬೇರೆ ದಾರಿಯಿಲ್ಲ.

ನನಗೆ ಈ ಸಂಖ್ಯೆಯಲ್ಲಿ ಅತಿ ಇಷ್ಟವಾದ ಗುಣ ಇದೇ. ಮೊದಲ ಸಲ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈಗ ಬಾಲದ ಕಡೆ ಬರೋಣ. ಇಲ್ಲಿ ಹೈಸ್ಕೂಲು ಗಣಿತ ಸಾಕು. 2ರ ಘಾತಗಳನ್ನು ಬರೆಯುತ್ತಾ ಹೋದರೆ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. ನಾಲ್ಕಕ್ಕೊಮ್ಮೆ ಮೊದಲಿಗೆ ಬರುತ್ತದೆ. ಯಾವ ಅಂಕಿ ತೆಗೆದುಕೊಂಡರೂ ಕೊನೆಯ ಸ್ಥಾನ ನಾಲ್ಕರ ಲೆಕ್ಕದಲ್ಲಿ ಮರಳುತ್ತದೆ. 23ನ್ನು 4ರಿಂದ ಭಾಗಿಸಿದರೆ ಶೇಷ 3. ಹಾಗಾಗಿ ಕೊನೆಯ ಅಂಕಿಯ ಮಟ್ಟಿಗೆ 23ನೇ ಘಾತವೂ ಒಂದೇ, ಘನವೂ ಒಂದೇ. ಘನಗಳ ಕೊನೆಯ ಅಂಕಿ ಮಕ್ಕಳಿಗೂ ಗೊತ್ತು. 2 ಇದ್ದರೆ 8 ಆಗುತ್ತದೆ, 8 ಇದ್ದರೆ 2 ಆಗುತ್ತದೆ. 3 ಮತ್ತು 7 ಕೂಡ ಹೀಗೇ ಅದಲುಬದಲಾಗುತ್ತವೆ. ಉಳಿದವು ಇದ್ದ ಹಾಗೇ ಇರುತ್ತವೆ. ಯಾವ ಎರಡು ಅಂಕಿಗಳೂ ಒಂದೇ ಜಾಗಕ್ಕೆ ಬಂದು ಬೀಳುವುದಿಲ್ಲ. ನಮ್ಮ ಸಂಖ್ಯೆ 1ರಲ್ಲಿ ಮುಗಿಯುತ್ತದೆ. ಅದರ ಮೂಲವೂ 1ರಲ್ಲೇ ಮುಗಿಯಬೇಕು.

ಕೊನೆಯ ಎರಡು ಅಂಕಿಗಳಿಗೂ ಇಂಥದೇ ಸುತ್ತು ಇದೆ. ಬೆಸವಾಗಿದ್ದು 5ರಲ್ಲಿ ಮುಗಿಯದ ಸಂಖ್ಯೆ ತೆಗೆದುಕೊಂಡರೆ, 20 ಘಾತಕ್ಕೊಮ್ಮೆ ಕೊನೆಯ ಎರಡು ಅಂಕಿ ಮರಳುತ್ತವೆ. 23ರಲ್ಲಿ 20 ಕಳೆದರೆ ಮತ್ತೆ 3! ಹಾಗಾಗಿ ಇಲ್ಲೂ ಘನ ನೋಡಿದರೆ ಸಾಕು. ನಮ್ಮ ಮೂಲದ ಕೊನೆಯ ಎರಡು ಅಂಕಿ 91. ಅದನ್ನು ಮೂರು ಸಲ ಬರೆದು ಗುಣಿಸಿ: 7,53,571. ಕೊನೆಯಲ್ಲಿ 71. ನಮ್ಮ 201 ಅಂಕಿಗಳ ಸಂಖ್ಯೆಯ ಕೊನೆಯಲ್ಲೂ 71. ಅದನ್ನು ಬೋರ್ಡಿನ ಮೇಲೆ ತೋರಿಸಿದಾಗ ಕ್ಲಾಸಿನಲ್ಲಿ ಒಂದು ‘ಓಹ್’ ಬಂತು. ಟೀಚರ್‌ಗಳಿಗೆ ಆ ‘ಓಹ್’ ಸಂಬಳಕ್ಕಿಂತ ಜಾಸ್ತಿ.

ಮೂರು ಅಂಕಿಗಳಿಗೆ ಬಂದರೆ ಈ ಸುಲಭ ಸಿಗುವುದಿಲ್ಲ. ಅಲ್ಲಿ ಸುತ್ತು 100ರದ್ದು, 23 ಅದರೊಳಗೇ ಕೂರುತ್ತದೆ. ಕಷ್ಟಪಟ್ಟು ಗುಣಿಸಬೇಕು, ಇಲ್ಲವೇ ಮೊದಲೇ ಪಟ್ಟಿ ಮಾಡಿ ಕಂಠಪಾಠ ಮಾಡಿರಬೇಕು. ಆದರೆ ಉತ್ತರ ಆಗಲೂ ಒಂದೇ ಬರುತ್ತದೆ. 771ರಲ್ಲಿ ಮುಗಿಯುವ 23ನೇ ಘಾತಕ್ಕೆ ಮೂಲ 891ರಲ್ಲೇ ಮುಗಿಯಬೇಕು.

ಹೀಗೆ ಬಾಲದಿಂದ ಮೂರು ಅಂಕಿ ಸಿಕ್ಕವು. ಉಳಿದ ಆರು ಅಂಕಿಗಳನ್ನು ತಲೆ ಕಡೆಯಿಂದ ತೆಗೆಯಬೇಕು. ಅದಕ್ಕೆ ನಮ್ಮ ಹಳೆಯ ಲಾಗ್ ಟೇಬಲ್ ಬೇಕು.

10ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ ನಮ್ಮ ಸಂಖ್ಯೆ ಬರುತ್ತದೆ ಎಂಬುದೇ ಲಾಗ್. 9167ಕ್ಕೆ ಟೇಬಲ್‌ನಲ್ಲಿ ಸಿಗುವುದು 0.9622. ಸಂಖ್ಯೆಗೆ 201 ಅಂಕಿ ಇರುವುದರಿಂದ ಮುಂದೆ 200 ಸೇರಿಸಿ: 200.9622. 23ನೇ ಮೂಲ ತೆಗೆಯುವುದು ಎಂದರೆ ಇದನ್ನು 23ರಿಂದ ಭಾಗಿಸುವುದು, ಅಷ್ಟೇ. 8.737487 ಬರುತ್ತದೆ. ಅದನ್ನು ಮತ್ತೆ ಸಂಖ್ಯೆಯಾಗಿ ತಿರುಗಿಸಿದರೆ ಸುಮಾರು 54,63,70,000. ನಿಜವಾದ ಉತ್ತರ 54,63,72,891. ಐವತ್ತನಾಲ್ಕು ಕೋಟಿಯ ಲೆಕ್ಕದಲ್ಲಿ ಮೂರು ಸಾವಿರದಷ್ಟೂ ವ್ಯತ್ಯಾಸ ಬರಲಿಲ್ಲ. ನಾಲ್ಕೇ ಸ್ಥಾನಗಳ ಟೇಬಲ್ ಇಟ್ಟುಕೊಂಡು ಇಷ್ಟು ಹತ್ತಿರ ಹೋಗಿದ್ದು ಹೇಗೆ?

23ರಿಂದ ಭಾಗಿಸಿದ್ದರಿಂದ. ಲಾಗ್‌ನಲ್ಲಿ ಉಳಿದ ಸಣ್ಣ ತಪ್ಪೂ 23 ಪಾಲಾಯಿತು. ಚೀಟಿಯಲ್ಲಿ ಬಂದ ನಷ್ಟವನ್ನು 23 ಜನ ಹಂಚಿಕೊಂಡರೆ ಒಬ್ಬೊಬ್ಬರ ತಲೆಗೆ ಚೂರೇ ಬರುತ್ತದಲ್ಲ, ಹಾಗೆ. ಆರು ಸ್ಥಾನಗಳ ಲಾಗ್ ತೆಗೆದುಕೊಂಡರೆ 0.962250. ಅದರಿಂದ ಹೊರಟರೆ 54,63,72,875ರ ಹತ್ತಿರ ಬಂದು ನಿಲ್ಲುತ್ತೇವೆ. ಕೊನೆಯ ಮೂರು ಅಂಕಿ 891 ಎಂದು ಬಾಲ ಆಗಲೇ ಹೇಳಿದೆ. 875ಕ್ಕೆ ಹತ್ತಿರದ 891 ಯಾವುದು? 54,63,72,891. ಮುಗಿಯಿತು.

‘ಮೇಡಂ, ನಡುವಿನ ಅಂಕಿಗಳನ್ನ ನಾವು ನೋಡಲೇ ಇಲ್ಲವಲ್ಲ!’ ಎಂದಳು ಗುಬ್ಬಿಯಿಂದ ಬರುವ ಒಬ್ಬ ಹುಡುಗಿ. ಹೌದು. ತಲೆಯಲ್ಲಿ ಏಳು ಅಂಕಿ, ಬಾಲದಲ್ಲಿ ಮೂರು. ಬೋರ್ಡಿನ ಮೇಲೆ ನಾನು ಬೆವರು ಸುರಿಸಿ ಬರೆದ ಉಳಿದ 191 ಅಂಕಿಗಳ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ.

ಇದರಿಂದ ಹುಟ್ಟುವ ಇನ್ನೊಂದು ಮಾತನ್ನು ಹೇಳಿದರೆ ಜನ ನಂಬುವುದಿಲ್ಲ. 23ನೇ ಮೂಲ ಎಂದರೆ ವರ್ಗಮೂಲಕ್ಕಿಂತ ಎಷ್ಟೋ ಪಟ್ಟು ಕಷ್ಟ ಎಂದು ಕೇಳಿದವರಿಗೆ ಅನ್ನಿಸುತ್ತದೆ. ನಿಜ ತಿರುಗಾಮುರುಗಾ. 201 ಅಂಕಿಗಳ ಸಂಖ್ಯೆಯ ವರ್ಗಮೂಲಕ್ಕೆ 101 ಅಂಕಿಗಳಿರುತ್ತವೆ. ಘನಮೂಲಕ್ಕೆ 67. ಅಷ್ಟನ್ನೂ ಒಂದೊಂದಾಗಿ ಹುಡುಕಬೇಕು. 23ನೇ ಮೂಲಕ್ಕೆ ಒಂಬತ್ತೇ. ಘಾತ ದೊಡ್ಡದಾದಷ್ಟೂ ಉತ್ತರ ಚಿಕ್ಕದಾಗುತ್ತದೆ, ಲಾಗ್‌ನ ತಪ್ಪು ಇನ್ನೂ ಜಾಸ್ತಿ ಪಾಲಾಗುತ್ತದೆ. ಇದೇ ಕಾರಣಕ್ಕೆ 2007ರಲ್ಲಿ ಫ್ರಾನ್ಸಿನ ಅಲೆಕ್ಸಿ ಲೆಮೇರ್ 200 ಅಂಕಿಗಳ ಸಂಖ್ಯೆಯ 13ನೇ ಮೂಲ ಹೇಳಿದ್ದು ನನಗೆ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಅಲ್ಲಿ ಉತ್ತರಕ್ಕೆ 16 ಅಂಕಿಗಳಿದ್ದವು.

ಹಾಗಾದರೆ ಶಕುಂತಲಾ ದೇವಿಯವರ ಸಾಧನೆ ಸಣ್ಣದಾಯಿತೇ? ಕ್ಲಾಸಿನಲ್ಲೂ ಒಬ್ಬ ಹೀಗೇ ಕೇಳಿದ. ಖಂಡಿತಾ ಇಲ್ಲ. ನಾನು ಹೇಳಿದ್ದು ಟೇಬಲ್, ಕಾಗದ, ಮೊಬೈಲ್ ಕ್ಯಾಲ್ಕುಲೇಟರ್ ಇರುವ ನಮ್ಮಂಥವರ ದಾರಿ. ಅವರ ಕೈಯಲ್ಲಿ ಏನೂ ಇರಲಿಲ್ಲ. ಆರು ಸ್ಥಾನಗಳ ಲಾಗ್ ಅನ್ನು ತಲೆಯಲ್ಲೇ ತೆಗೆದು, ತಲೆಯಲ್ಲೇ 23ರಿಂದ ಭಾಗಿಸಿ, ಮತ್ತೆ ಸಂಖ್ಯೆಯಾಗಿ ತಿರುಗಿಸುವುದನ್ನು ಒಮ್ಮೆ ಪ್ರಯತ್ನಿಸಿ. ಸಭೆಯ ಮುಂದೆ, ಒಂದು ನಿಮಿಷದ ಒಳಗೆ! ದಾರಿ ಗೊತ್ತಾದ ಮೇಲೆ ಅವರ ಮೇಲಿನ ನನ್ನ ಗೌರವ ಹೆಚ್ಚಾಯಿತು. ಕಷ್ಟ ಎಲ್ಲಿದೆ, ಎಷ್ಟಿದೆ ಎಂದು ಈಗ ನನಗೆ ಗೊತ್ತು.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ ಕೇಳಿದಾಗ, ಜೆನ್ಸನ್ ಆ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವ ಮುಂಚೆಯೇ 395 ಎಂಬ ಉತ್ತರ ಬಂದಿತ್ತು. ಅದರ ದಾರಿಯೂ ಇದೇ ತಲೆ ಮತ್ತು ಬಾಲ. 390ರ ಘನ 5,93,19,000, 400ರ ಘನ 6,40,00,000. ಉತ್ತರ ಇವೆರಡರ ನಡುವೆ ಇದೆ, 5ರಲ್ಲಿ ಮುಗಿಯುತ್ತದೆ. ನನ್ನ ಮಕ್ಕಳು ಈಗ ಇಂಥದ್ದನ್ನು ಬಾಯಲ್ಲೇ ಹೇಳುತ್ತಾರೆ. ಅವರ ಹಾಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲ, ಆದರೂ ಹೇಳುತ್ತಾರೆ.

ನನ್ನನ್ನು ಕೇಳಿದರೆ ಅವರ ಅತಿ ದೊಡ್ಡ ಲೆಕ್ಕ 23ನೇ ಮೂಲದ್ದಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮಾಡಿದ ಗುಣಾಕಾರ. 76,86,36,97,74,870 ಮತ್ತು 24,65,09,97,45,779. ಸುಮ್ಮನೆ ಆರಿಸಿದ ಎರಡು 13 ಅಂಕಿಗಳ ಸಂಖ್ಯೆಗಳು. 28 ಸೆಕೆಂಡಿನಲ್ಲಿ 26 ಅಂಕಿಗಳ ಉತ್ತರ ಹೇಳಿದರು. ಅಲ್ಲಿ ತಲೆ ಮತ್ತು ಬಾಲ ನೋಡಿ ನಡುವಿನದನ್ನು ಬಿಡುವ ಹಾಗಿಲ್ಲ. 26 ಅಂಕಿಗಳಲ್ಲಿ ಪ್ರತಿಯೊಂದನ್ನೂ ದುಡಿದೇ ಪಡೆಯಬೇಕು. 201 ಎಂಬ ಗಾತ್ರ ಕೇಳಿ ಬೆರಗಾಗುವ ನಾವು 26ರ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು.

ಮತ್ತೆ ನಮ್ಮ ಸಂಖ್ಯೆಗೇ ಬರುತ್ತೇನೆ, ಅದರಲ್ಲಿ ಇನ್ನೂ ಒಂದೆರಡು ಸೊಗಸುಗಳಿವೆ. ಮೂಲವನ್ನು ಅಂಕಿ ಅಂಕಿಯಾಗಿ ನೋಡಿ: 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ ಒಂದೊಂದು ಸಲ ಬಂದಿದೆ. ಇಂಥ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಯಾವಾಗಲೂ 45. ಹಾಗಾಗಿ 9ರಿಂದ ಭಾಗವಾಗುತ್ತದೆ. ಇದು ಒಂದು ಹೆಜ್ಜೆ ಮುಂದೆ ಹೋಗಿ 27ರಿಂದಲೂ ಭಾಗವಾಗುತ್ತದೆ: 27 ಗುಣಿಸು 2,02,36,033. ಅಲ್ಲಿಂದ ಮುಂದೆ 3 ಇಲ್ಲ. ಒಂದು ಮೂಲದಲ್ಲಿ ಮೂರು 3ಗಳು ಇದ್ದರೆ, 23 ಸಲ ಗುಣಿಸಿದ ಮೇಲೆ 69. ನಮ್ಮ 201 ಅಂಕಿಗಳ ಸಂಖ್ಯೆಯನ್ನು 3ರಿಂದ ಸರಿಯಾಗಿ 69 ಸಲ ಶೇಷವಿಲ್ಲದೆ ಭಾಗಿಸಬಹುದು. ಎಪ್ಪತ್ತನೇ ಸಲ ಶೇಷ ಉಳಿಯುತ್ತದೆ. 69 ಬೆಸ ಸಂಖ್ಯೆ, ಆದ್ದರಿಂದ ಇದು ಯಾವ ಪೂರ್ಣಸಂಖ್ಯೆಯ ವರ್ಗವೂ ಆಗಲಾರದು. ಒಂದು ಅಂಕಿಯನ್ನೂ ಗುಣಿಸದೆ ಇಷ್ಟು ದೊಡ್ಡ ಸಂಖ್ಯೆಯ ಬಗ್ಗೆ ಹೀಗೆ ಖಚಿತವಾಗಿ ಮಾತಾಡಬಹುದಲ್ಲ, ಗಣಿತದ ಮೇಲೆ ನನ್ನ ಪ್ರೀತಿ ಇರುವುದೇ ಇದಕ್ಕೆ.

ಯಾರಿಗಾದರೂ ಪೂರ್ತಿ ಸಂಖ್ಯೆ ನೋಡುವ ಆಸೆ ಇದ್ದರೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಯಾವ ಕಂಪ್ಯೂಟರಿನಲ್ಲಾದರೂ ಅದನ್ನು ತೆರೆದು 546372891**23 ಎಂದು ಟೈಪ್ ಮಾಡಿ. ಎಂಟರ್ ಒತ್ತಿದ ಕೂಡಲೇ 201 ಅಂಕಿಗಳೂ ಮುಂದೆ ಬರುತ್ತವೆ.

ಮಕ್ಕಳು ಇಲ್ಲಿಗೆ ಬಿಡಲಿಲ್ಲ. ತುಮಕೂರಿನ ಪಿನ್ ಕೋಡ್‌ಗಳಲ್ಲಿ ಒಂದಾದ 572103 ತೆಗೆದುಕೊಂಡು ಅದನ್ನೂ 23ನೇ ಘಾತಕ್ಕೆ ಏರಿಸೋಣ ಎಂದರು. ಗುಣಿಸದೆ ಎಷ್ಟು ಹೇಳಬಹುದು ಎಂಬುದೇ ಪಂದ್ಯ. ಲಾಗ್ 5.757474, ಅದನ್ನು 23ರಿಂದ ಗುಣಿಸಿದರೆ 132.4219. ಹಾಗಾಗಿ 133 ಅಂಕಿಗಳು, ಶುರು 264ರಿಂದ. ಕೊನೆಯಲ್ಲಿ 03 ಇದೆ, ಅದರ ಘನ 27, ಹಾಗಾಗಿ ಮುಕ್ತಾಯ 27. ಆಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ತಲೆಯೂ ಸರಿ, ಬಾಲವೂ ಸರಿ.

ಆಗ ಗುಬ್ಬಿಯ ಹುಡುಗಿಯೇ ಮತ್ತೆ ಕೈ ಎತ್ತಿದಳು. ‘ಮೇಡಂ, 25ನೇ ಮೂಲ ಇನ್ನೂ ಸುಲಭ ಅಲ್ವಾ? 25ನ್ನ 4ರಿಂದ ಭಾಗಿಸಿದರೆ 1 ಉಳಿಯುತ್ತೆ. ಕೊನೆ ಅಂಕಿ ಅದಲುಬದಲಾಗೋದೇ ಇಲ್ಲ.’

ಒಳ್ಳೆಯ ಪ್ರಶ್ನೆ. ಉತ್ತರ ನಾನು ಹೇಳಲಿಲ್ಲ, 3, 23, 43, 63, 83 ಇವುಗಳ 25ನೇ ಘಾತ ಎಲ್ಲಿ ಮುಗಿಯುತ್ತದೆ ನೋಡು ಎಂದೆ. 20ರ ಸುತ್ತು ಕಳೆದರೆ ಐದನೇ ಘಾತ ಸಾಕು ಎಂದು ಅವಳೇ ಕಂಡುಕೊಂಡಳು. 3ರದ್ದು 243. 23ರದ್ದು 64,36,343. ಮುಂದಿನ ಮೂರನ್ನೂ ಪಕ್ಕದವಳ ಜೊತೆ ಹಂಚಿಕೊಂಡು ಮಾಡಿದಳು. ಐದಕ್ಕೂ ಕೊನೆಯಲ್ಲಿ ಬಂದದ್ದು 43. ಬಿಡಿ ಸ್ಥಾನ ಸಿಗುತ್ತದೆ, ಹತ್ತರ ಸ್ಥಾನಕ್ಕೆ ಬಂದರೆ ಐವರು ಒಂದೇ ಬಾಗಿಲಲ್ಲಿ ನಿಂತಿರುತ್ತಾರೆ. 20ನೇ ಘಾತಕ್ಕೆ ಹೋದರೆ ಇನ್ನೂ ಕಷ್ಟ. 5ರಲ್ಲಿ ಮುಗಿಯದ ಬೆಸ ಸಂಖ್ಯೆಗಳೆಲ್ಲ 01ರಲ್ಲೇ ಮುಗಿಯುತ್ತವೆ, ಬಾಲ ಏನನ್ನೂ ಹೇಳುವುದಿಲ್ಲ. ‘ಹಾಗಾದ್ರೆ 27?’ ಎಂದಳು. 27ರಲ್ಲಿ 20 ಕಳೆದರೆ 7. ಏಳನೇ ಘಾತದಲ್ಲಿ ಇಂಥ ಬೆಸ ಸಂಖ್ಯೆಗಳಲ್ಲಿ ಯಾರೂ ಒಬ್ಬರ ಮೇಲೊಬ್ಬರು ಬರುವುದಿಲ್ಲ. ಅವಳು ನೋಟ್‌ಬುಕ್ಕಿನಲ್ಲಿ 01ರಿಂದ 99ರವರೆಗೆ ಪಟ್ಟಿ ಶುರು ಮಾಡಿದ್ದಳು, ಗುಬ್ಬಿ ಬಸ್ಸಿಗೆ ಹೊತ್ತಾಯಿತು ಎಂದು ನಾನೇ ಎಬ್ಬಿಸಿ ಕಳಿಸಿದೆ.